ಸಾತವ್ವ ಸೆರಗೊಡ್ಡಿ ಬಿಡಿಸಿಕೊಂಡ ಬಾಟಲಿಗಳು

ಘೋಡಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಬ್ಬು ಕಡಿಯುವವರು ಬುತ್ತಿ ಕಟ್ಟುವ ಹೊತ್ತಿಗೇ ಆಶಾ ಕಾರ್ಯಕರ್ತೆ ಸಾತವ್ವ ಬಾಳವ್ವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾರೆ. ಒಳಗಲ್ಲ, ಕಟ್ಟೆಯ ಮೇಲೆ; ಅವರ ಕೇರಿಯವರನ್ನು ಈ ಓಣಿಯವರು ಹೊಸ್ತಿಲು ದಾಟಿಸುವುದಿಲ್ಲ. ಹೊಸ್ತಿಲಲ್ಲಿ ಏಳು ತಿಂಗಳ ಬಸುರಿ ಸೊಸೆ ದಾಕ್ಷಾಯಿಣಿ, ಮುಖ ಬಿಳಿಚಿದೆ.

"ಕಬ್ಬಿಣದ ಗುಳಗಿ ತಗೊಳ್ಳಾಕತ್ತಿಯೋ ಇಲ್ಲೋ, ತಂಗಿ?"

"ಇಲ್ರಿ ಯಕ್ಕಾ. ಬಾಟ್ಲಿವು ಅದಾವಲ್ಲ, ಸಾಕಂತಾರ ಅತ್ತಿ."

ಆ ಬಾಟಲಿಗಳು ಬಂದದ್ದು ಕುಬಸದಲ್ಲಿ, ಅಂದರೆ ಸೀಮಂತದಲ್ಲಿ. ಬಸುರಿ ಒಡ್ಡಿದ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುವುದು ಪದ್ಧತಿ. ಈ ಸಲ ಗೋಕಾಕದ ಬೀಗರು, ಮೂಡಲಗಿಯ ಚಿಗವ್ವ, ಹುಕ್ಕೇರಿಯ ಸೋದರತ್ತೆ ಒಬ್ಬೊಬ್ಬರೂ ಒಂದೊಂದು ವಿಟಮಿನ್ ಬಾಟಲಿ ಸೇರಿಸಿದರು. ಮಾರಿದವನು ಒಬ್ಬನೇ, ಸಂಕೇಶ್ವರದ ಏಜೆಂಟ. ಅವನ ರಾಗ ಕೇಳಿ: "ಅಕ್ಕಾರs, ಇದು ಔಷಧ ಅಲ್ರಿ, ಆರೋಗ್ಯ! ಒಂದ ಗುಳಗ್ಯಾಗ ಒಂದ ಬುಟ್ಟಿ ಹಣ್ಣು!" ಯಾರಿಗೆ ರಕ್ತ ಏರಿದೆ ಎಂದು ಕೇಳಿದರೆ ಇನ್ನೊಂದು ಬಾಟಲಿ ಮುಂದಿಡುತ್ತಾನೆ. ಏರುವುದು ರಕ್ತವಲ್ಲ, ಕೇಳಿದವರ ರಕ್ತದೊತ್ತಡ.

ಉಡಿಗೆ ಬಿದ್ದದ್ದನ್ನು ಬಸುರಿ ಬಿಡಬಾರದು. ಹಾಗಾಗಿ ದಾಕ್ಷಾಯಿಣಿ ಮೂರೂ ಬಾಟಲಿಯ ಗುಳಿಗೆ ದಿನಾ ನುಂಗುತ್ತಿದ್ದಾಳೆ. ಸಾತವ್ವ ಬಾಟಲಿಗಳ ಫೋಟೋ ಹಿಡಿದು ಆರೋಗ್ಯ ಕೇಂದ್ರದ ಡಾಕ್ಟರರಿಗೆ ತೋರಿಸಿದ್ದಾರೆ. ಅವರು ಹೇಳಿದ್ದಿಷ್ಟು: ಮೂರರಲ್ಲೂ ಇರುವುದು ಅವೇ ವಿಟಮಿನ್. ಕೂಡಿಕೊಂಡು 'ಎ' ವಿಟಮಿನ್ ಅತಿಯಾದರೆ ಕೂಸಿಗೇ ಅಪಾಯ. ಈಕೆಗೆ ಬೇಕಾದಷ್ಟು ಕಬ್ಬಿಣ ಯಾವುದರಲ್ಲೂ ಇಲ್ಲ. ಬೇಕಾದದ್ದು ಪುಕ್ಕಟೆ ಸಿಕ್ಕು ಮೂಲೆ ಸೇರಿದೆ; ಬೇಡದ್ದು ಬಣ್ಣದ ಚೀಟಿ ಅಂಟಿಸಿಕೊಂಡು ಹೊಟ್ಟೆ ಸೇರುತ್ತಿದೆ. ಇದಕ್ಕೆ 'ಪೋಷಣೆ' ಎಂದು ಹೆಸರು. ಶೋಷಣೆ ಎಂದರೆ ಏಜೆಂಟನಿಗೆ ಸಿಟ್ಟು!

ಸಾತವ್ವನ ಮೊದಲ ಹೆರಿಗೆಯಲ್ಲಿ ರಕ್ತ ಸಾಲದೆ ಕೂಸು ಉಳಿಯಲಿಲ್ಲ. ಆಮೇಲೆ ಈ ಕೆಲಸ ಹಿಡಿದರು. ದುಡಿಸಿಕೊಳ್ಳುವಾಗ ಸರಕಾರಕ್ಕೆ ಅವರು ಕಾರ್ಯಕರ್ತೆ, ಪಗಾರದ ಮಾತೆತ್ತಿದರೆ ಸ್ವಯಂಸೇವಕಿ.

ಬಾಳವ್ವ ಹೊರಗೆ ಬರುತ್ತಾರೆ. "ನಿಮ್ಮ ಗುಳಗಿ ನುಂಗಿದ್ರ ಸಂಡಾಸ ಕರ್ರಗ ಆಕ್ಕೈತಿ. ಇದನ್ನ ಮೂಸಿ ನೋಡ, ಕಿತ್ತಳಿಹಣ್ಣಿನ ವಾಸನಿ!"

"ವಾಸನಿಗೆ ರಕ್ತ ಆಗಂಗಿಲ್ರಿ, ಬಾಳಕ್ಕ. ಡಾಕ್ಟರ್ ಬ್ಯಾಡ ಅಂದಾರ, ತಗದ ಇಡ್ರಿ."

"ಉಡ್ಯಾಗ ಬಿದ್ದದ್ದನ್ನ ತಗದ ಒಗೀಲೇನ? ಬಸುರಿ ಮನ್ಯಾಗ ಎಂಥಾ ಮಾತ ಆಡ್ತಿ!"

ಸಾತವ್ವ ಎದ್ದು ನಿಂತು ಸೆರಗು ಒಡ್ಡುತ್ತಾರೆ. "ಒಗೀಬ್ಯಾಡ್ರಿ. ನಾನೂ ಮುತ್ತೈದಿ ಅದೇನಿ. ನನಗ ಉಡಿ ತುಂಬ್ರಿ, ಅವನ್ನೂ ಅದರಾಗ ಹಾಕ್ರಿ."

ಬಾಳವ್ವ ಓಣಿಯ ಆ ಕಡೆ, ಈ ಕಡೆ ನೋಡುತ್ತಾರೆ. ಸೆರಗೊಡ್ಡಿದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಒಳಗೆ ಹೋದವರು ಹೊರಬರಲು ಹೊತ್ತು ಹಿಡಿಯುತ್ತದೆ. ಹಣೆಗೆ ಕುಂಕುಮ, ಉಡಿಗೆ ಅಕ್ಕಿ, ಕೊಬ್ಬರಿ, ಮೂರು ಬಾಟಲಿ. ಆಮೇಲೆ ಸೊಸೆಗೆ ಗದರುತ್ತಾರೆ: "ಏನ್ ನೋಡ್ತಿ? ಆ ಸರಕಾರಿ ಗುಳಗಿ ತಗೊಂಬಾ, ಆಕಿ ಮುಂದ ನುಂಗು."

ದಾಕ್ಷಾಯಿಣಿ ನುಂಗುವವರೆಗೂ ಸಾತವ್ವ ಕದಲುವುದಿಲ್ಲ. ಓಣಿ ದಾಟಿದ ಮೇಲೆ ಸೆರಗಿನ ಗಂಟು ಬಿಗಿ ಮಾಡುತ್ತಾ ಜೊತೆಗಿದ್ದ ನಮಗೆ ಹೇಳುತ್ತಾರೆ: "ಬಾಟ್ಲಿ ಡಾಕ್ಟರ್ ಕಡೆ ಕೊಡತೇನ್ರಿ. ಅಕ್ಕಿ ಮಾತ್ರ ಮನಿಗೆ ಒಯ್ಯತೇನಿ. ಈ ಓಣ್ಯಾಗ ನನಗ ಉಡಿ ತುಂಬಿದ್ದು ಇವತ್ತ ಮೊದಲ."