ಸತ್ತ ಎಮ್ಮೆ ಓಗೊಟ್ಟದ್ದು

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯಲ್ಲಿದ್ದು ವಿಮಾ ಕಂಪನಿಯ ತನಿಖೆ ನೋಡಿಕೊಳ್ಳುತ್ತಿದ್ದೆ. ಶಿರಗುಪ್ಪಿ ಕಡೆಯ ವ್ಯಾಪಾರಿಯೊಬ್ಬ ತನ್ನ ಹನ್ನೆರಡು ಎಮ್ಮೆ ರೋಗ ಬಂದು ಸತ್ತವೆಂದು ಪರಿಹಾರ ಕೇಳಿದ್ದ. ಪುರಾವೆಗೆಂದು ಕಂಪನಿಯ ಬಿಲ್ಲೆಯಿದ್ದ ಹನ್ನೆರಡು ಕಿವಿಗಳನ್ನು ಕತ್ತರಿಸಿ ಕಳಿಸಿದ್ದ. ಸತ್ತ ಎಮ್ಮೆಗಳನ್ನು ಹೂಳಿದ್ದನ್ನು ಕಣ್ಣಾರೆ ಕಂಡೆನೆಂದು ಆ ಭಾಗದ ಶಾಸಕರೇ ಪತ್ರ ಬರೆದಿದ್ದರು.

ಖರೀದಿ ಚೀಟಿಯೊಂದರಲ್ಲಿ ಕೊಕಟನೂರಿನ ಗೌರವ್ವನ ಹೆಸರಿತ್ತು. ತಾನು ಮಾರಿದ ಎಮ್ಮೆ ಸತ್ತಿತೆಂದು ಶಾಸಕರ ಪತ್ರ ಓದಿ ಹೇಳಿದರೂ ಅವಳು ನಂಬಲಿಲ್ಲ.

“ಚಂದ್ರಿ ಸತ್ತದ್ದು ಖರೇ ಇದ್ರ ಜಾಗಾ ತೋರಸ್ರಿ. ಒಂದು ಹಿಡಿ ಮಣ್ಣರ ಹಾಕಿ ಬರ್ತೀನಿ,” ಎಂದು ನನ್ನ ಜೀಪು ಹತ್ತಿದಳು.

ವ್ಯಾಪಾರಿಯ ಕಬ್ಬಿನ ತೋಟದಲ್ಲಿ ಅವನ ಜೊತೆ ಶಾಸಕರೂ ಚಹಾ ಕುಡಿಯುತ್ತ ಕೂತಿದ್ದರು.

“ಸತ್ತದ್ದು ತಿರುಗಿ ಬರತೈತೇನವ್ವಾ? ಸುಮ್ನ ಮನೀಗಿ ಹೋಗು,” ಎಂದರು ಶಾಸಕರು.

ಗೌರವ್ವ ಕಬ್ಬಿನ ಕಡೆ ತಿರುಗಿ, “ಚಂದ್ರೀ, ಬಾರವ್ವಾ,” ಎಂದು ಕೂಗಿದಳು. ಕಬ್ಬಿನಾಚೆಯ ತಗಡಿನ ಶೆಡ್ಡಿನಿಂದ ಒಂದು ಎಮ್ಮೆ ಒದರಿತು. ನಾನು ಓಡಿಹೋಗಿ ಬಾಗಿಲು ತೆಗೆದೆ. ಹನ್ನೆರಡೂ ಎಮ್ಮೆಗಳು ಒಂದೊಂದೇ ಕಿವಿ ಹೊತ್ತು ಮೇವು ತಿನ್ನುತ್ತ ನಿಂತಿದ್ದವು. ಚಂದ್ರಿ ಬಂದು ಗೌರವ್ವನ ಕೈ ನೆಕ್ಕಿತು.

“ಹಂಗಾದ್ರ ನೀವು ಮಣ್ಣು ಮಾಡೂದು ನೋಡಿದ್ದು ಯಾರನ್ರಿ, ಸಾಹೇಬ್ರ?” ಎಂದು ಅವಳು ಕೇಳಿದಳು. ಶಾಸಕರು ಚಹಾದ ಕಪ್ಪು ಕೆಳಗಿಟ್ಟು ಕಾರು ಹತ್ತಿದರು.

ಪತ್ರಿಕೆಗಳು ಅವರನ್ನು ಬಿಡಲಿಲ್ಲ. ವ್ಯಾಪಾರಿ ಜೈಲು ಸೇರಿದ, ಶಾಸಕರಿಗೆ ಮುಂದಿನ ಚುನಾವಣೆಯಲ್ಲಿ ಟಿಕೆಟ್ಟೇ ಸಿಗಲಿಲ್ಲ. ಆ ದಿನ ಬರೆದಷ್ಟು ಖುಷಿಯಿಂದ ನಾನು ಇನ್ನಾವ ವರದಿಯನ್ನೂ ಬರೆದಿಲ್ಲ. ‘ಮುಖ್ಯ ಸಾಕ್ಷಿ: ಚಂದ್ರಿ’ ಎಂದು ನಮೂದಿಸಿ ಕಳಿಸಿದೆ. ಕಡತ ಮೇಲಿನಿಂದ ವಾಪಸು ಬಂತು. ಸಾಕ್ಷಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟಾದರೂ ಒತ್ತಿಸಿ ಕಳಿಸಬೇಕಂತೆ.