ಕಾರಿನ ಮೈಗೆ ಅಂಟಿದ್ದು

ನಮ್ಮ ಕಾರಿಗೆ ಚರ್ಮರೋಗ ಬಂದಿದೆ ಎಂದು ನನಗೆ ಗೊತ್ತಾದದ್ದು ಒಂದು ಪ್ಲಾಸ್ಟಿಕ್ ಕವರಿನಿಂದ.

ಶಿವರಾತ್ರಿಗೆ ಸ್ವಲ್ಪ ಮುಂಚಿನ ಮಾತು. ನನ್ನ ತಮ್ಮ ರಘು ಭಾನುವಾರದ ಊಟಕ್ಕೆ ಬಂದಿದ್ದ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕಾರುಗಳ ಪೇಂಟಿಂಗು, ಪಾಲಿಶು ನೋಡಿಕೊಳ್ಳುವವನು ಅವನು. ನಮ್ಮ ಮನೆಗೆ ಬಂದರೆ ಮೊದಲು ಕಾರನ್ನು ವಿಚಾರಿಸಿಕೊಳ್ಳುತ್ತಾನೆ, ಆಮೇಲೆ ಅಕ್ಕನನ್ನು. ಅವನು ಬರುತ್ತಾನೆಂದೇ ಬೆಳಿಗ್ಗೆ ಎದ್ದು ನಮ್ಮ ಬಿಳಿ ಕಾರನ್ನು (ಸೆಕೆಂಡ್ ಹ್ಯಾಂಡ್, ಆದರೂ ನನ್ನ ಹೆಸರಿನಲ್ಲಿರುವ ಮೊದಲ ಕಾರು!) ಶಾಂಪೂ ಹಾಕಿ ತೊಳೆದಿದ್ದೆ. ಫಳಫಳ ಹೊಳೆಯುತ್ತಿತ್ತು. ಒಂದು ಶಹಭಾಸ್‌ಗಾಗಿ ಪಕ್ಕದಲ್ಲೇ ನಿಂತಿದ್ದೆ.

ಅವನು ಕಾರಿಗೆ ಒಂದು ಸುತ್ತು ಹಾಕಿದ. ಕಿತ್ತಳೆ ತಂದಿದ್ದ ತೆಳು ಪ್ಲಾಸ್ಟಿಕ್ ಕವರನ್ನು ಖಾಲಿ ಮಾಡಿ ನನ್ನ ಕೈಗೆ ಕೊಟ್ಟ.

"ಕೈಗೆ ಹಾಕ್ಕೋ. ಈಗ ಬಾನೆಟ್ ಮೇಲೆ ಮೆಲ್ಲಗೆ ಸವರು."

ಸವರಿದೆ. ಬರಿಗೈಗೆ ನುಣ್ಣಗಿದ್ದ ಬಾನೆಟ್ಟು ಕವರಿನ ಒಳಗಿನ ಬೆರಳುಗಳಿಗೆ ಉಪ್ಪುಕಾಗದದಂತೆ ತರಿತರಿ! ನೂರಾರು ಸಣ್ಣ ಗುಳ್ಳೆಗಳು. ಇಷ್ಟು ದಿನ ನಾನು ತೊಳೆದದ್ದು ಏನನ್ನು?

"ತೊಳೆದ್ರೆ ಮೇಲೆ ಕೂತಿರೋ ಧೂಳು ಹೋಗುತ್ತೆ ಅಕ್ಕಾ. ಇದು ಪೇಂಟಿಗೆ ಕಚ್ಚಿಕೊಂಡಿರೋದು. ಇದನ್ನ ಕೀಳದೆ ವ್ಯಾಕ್ಸ್ ಹಚ್ಚಿದ್ರೆ, ಮುಖ ತೊಳೀದೆ ಪೌಡರ್ ಬಳ್ಕೊಂಡ ಹಾಗೆ."

ಅಷ್ಟು ಹೇಳಿ ಬ್ಯಾಗಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಒಳಗೆ ನೀಲಿ ಬಣ್ಣದ ಒಂದು ಮುದ್ದೆ. ನಮ್ಮ ಸ್ಕೂಲಿನ ಎಲ್.ಕೆ.ಜಿ. ಮಕ್ಕಳು ಆನೆ, ಹಾವು ಮಾಡುತ್ತಾರಲ್ಲ, ಅಂಥದ್ದೇ ಜೇಡಿ. (ನಾನು ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಟೀಚರು.) ಇದಕ್ಕೆ ಕ್ಲೇ ಬಾರ್ ಅಂತ ಹೆಸರಂತೆ. ಒಂದು ತುಂಡು ಮುರಿದು, ಕೈಯಲ್ಲಿ ನಾದಿ, ಪೂರಿಯಷ್ಟಗಲ ತಟ್ಟಿಕೊಂಡ. ಬಾನೆಟ್ಟಿನ ಮೇಲೆ ಶಾಂಪೂ ನೀರು ಚಿಮುಕಿಸಿ, ಆ ಜೇಡಿಯನ್ನು ಹಿಂದಕ್ಕೂ ಮುಂದಕ್ಕೂ ಹಗುರವಾಗಿ ಓಡಿಸಿದ. ಮೊದಲು ಕರಕರ ಸದ್ದು. ನಾಲ್ಕಾರು ಸಲ ಓಡಾಡಿದ ಮೇಲೆ ಸದ್ದು ನಿಂತಿತು. ಜೇಡಿ ಬೆಣ್ಣೆಯ ಮೇಲೆ ಜಾರಿದಂತೆ ಜಾರತೊಡಗಿತು.

"ಈಗ ಮುಟ್ಟು."

ಗಾಜು! ನಿಜವಾಗಲೂ ಗಾಜು.

ಆಮೇಲೆ ನನ್ನನ್ನು ತಡೆಯುವವರು ಯಾರು? ಜೇಡಿ ಕಿತ್ತುಕೊಂಡು ನಾನೇ ಶುರು ಮಾಡಿದೆ. ಒತ್ತಬಾರದು, ಸುತ್ತು ತಿರುಗಿಸಬಾರದು, ಒಣಗಲು ಬಿಡಬಾರದು, ಕೊಳೆಯಾದರೆ ಮಡಚಿ ಹೊಸ ಮುಖ ತಿರುಗಿಸಬೇಕು, ನೆಲಕ್ಕೆ ಬಿದ್ದರೆ ಎಸೆಯಬೇಕು, ಇಲ್ಲದಿದ್ದರೆ ಅಂಟಿದ ಮರಳು ಪೇಂಟನ್ನೇ ಗೀರುತ್ತದೆ. (ನಾನು ಬೀಳಿಸಿದೆ. ಮುಖ ಗಂಟಿಕ್ಕಿಕೊಂಡು ಇನ್ನೊಂದು ತುಂಡು ಕೊಟ್ಟ.) ಅಡುಗೆಮನೆಯಲ್ಲಿ ಸಾರು ಕುದಿದು ಕುದಿದು ಗೊಜ್ಜಾಯಿತು. ಯಜಮಾನರು ಎರಡು ಸಲ ಬಾಗಿಲಿಗೆ ಬಂದು ಕೆಮ್ಮಿ ಹೋದರು.

ನನ್ನ ಕಣ್ಣು ಮಾತ್ರ ಜೇಡಿಯ ಮೇಲೆ. ನೀಲಿ ಹೋಗಿ ಅದು ಕಂದಾಗಿತ್ತು. ಬರಿ ಕೊಳೆಯ ಕಂದಲ್ಲ. ಇಟ್ಟಿಗೆಯ ಛಾಯೆ.

"ಇದೇನೋ ಇದು?"

ರಘು ಬಾಗಿ ನೋಡಿದ. ಅವನ ಹುಬ್ಬೂ ಮೇಲೇರಿತು. "ತುಕ್ಕು. ಕಬ್ಬಿಣದ ಪುಡಿ ಬಿಸಿಬಿಸಿಯಾಗಿ ಬಂದು ಕೂತು, ಆಮೇಲೆ ತುಕ್ಕು ಹಿಡಿದಿದೆ. ರೈಲ್ವೆ ಹಳಿ ಪಕ್ಕ ನಿಲ್ಲಿಸೋ ಕಾರುಗಳಲ್ಲಿ ನೋಡಿದ್ದೀನಿ. ನಿಮ್ಮೂರಲ್ಲಿ ರೈಲೆಲ್ಲಿದೆ?"

ಕನಕಪುರ ರಸ್ತೆಯ ನಮ್ಮೂರಿಗೆ ರೈಲು ಇನ್ನೂ ಭಾಷಣಗಳಲ್ಲಿ ಮಾತ್ರ ಬಂದಿದೆ. ಮತ್ತೆ ಕಬ್ಬಿಣ ಆಕಾಶದಿಂದ ಉದುರಿತೆ?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಊಟ ಯಾರಿಗೆ ಬೇಕು? ಕೆಟ್ಟು ಕೂತಿದ್ದ ರೇಡಿಯೋದ ಸ್ಪೀಕರಿನಿಂದ ರಘು ಅಯಸ್ಕಾಂತ ಕಿತ್ತ. ಅದಕ್ಕೆ ಕವರು ಸುತ್ತಿ ಕಾಂಪೌಂಡಿನ ಮೇಲೆ, ಕಿಟಕಿಯ ಸಂದಿಯಲ್ಲಿ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಆಡಿಸಿದೆವು. ಎಲ್ಲ ಕಡೆ ಅದಕ್ಕೆ ಪುಡಿ ಅಂಟಿ ಕಪ್ಪು ಮೀಸೆ ಎದ್ದು ನಿಂತಿತು. ಮನೆಯ ಮುಂದಿನ ಬೀದಿಯ ಕಡೆ ಕಡಿಮೆ. ಪಕ್ಕದ ಹಿಪ್ಪುನೇರಳೆ ತೋಟದ ಕಡೆ ಜಾಸ್ತಿ. ಕಾರಿನದೂ ತೋಟದ ಕಡೆಯ ಮಗ್ಗುಲೇ ಹೆಚ್ಚು ತರಿತರಿ.

ನಾನು ಕೈ ಕೆಳಗಿಳಿಸಿದೆ. ಯಾಕೆಂದರೆ ಆ ತೋಟ ಜಯಮ್ಮನದು. ಮತ್ತು ಜಯಮ್ಮ ನನ್ನ ಜೊತೆ ಮಾತು ಬಿಟ್ಟು ತಿಂಗಳುಗಳಾಗಿದ್ದವು.

ಜಯಮ್ಮ ರೇಷ್ಮೆ ಬೆಳೆಯುವವರು. ತೋಟದ ಮಗ್ಗುಲಲ್ಲೇ ಅವರ ಹುಳುಮನೆ. ನಾವು ಈ ಮನೆಗೆ ಬಂದಾಗಿನಿಂದ ಕಾಂಪೌಂಡಿನ ಮೇಲೆ ಅವರೆಕಾಯಿ ಈ ಕಡೆಗೆ, ಚಕ್ಕುಲಿ ಆ ಕಡೆಗೆ ಹೋಗುತ್ತಿದ್ದವು. ದೀಪಾವಳಿಯ ಹೊತ್ತಿನ ಬೆಳೆಯಲ್ಲಿ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಅವರ ಹುಳುಗಳು ಸೊಪ್ಪು ಮುಟ್ಟದೆ ತಲೆಯೆತ್ತಿ ಕೂತವು. ರಾಶಿ ರಾಶಿ ಸತ್ತವು. ಬದುಕಿದವು ಕಟ್ಟಿದ ಗೂಡೂ ಜಳ್ಳು. ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ಅವತ್ತು ಅವರು ವಾಪಸು ಬಂದಾಗ ನಾನು ಗೇಟಿನಲ್ಲಿದ್ದೆ. ನನ್ನತ್ತ ನೋಡಲೇ ಇಲ್ಲ. ಸಂಜೆ ಬೀದಿಗೆಲ್ಲ ಕೇಳುವಂತೆ ಅಂದರು: "ಟೀಚರಮ್ಮ ಸೊಳ್ಳೆಗೆ ಅದೇನೋ ಸ್ಪ್ರೇ ಹೊಡೀತಳೆ. ಅದ್ರ ಗಾಳಿ ಬಡ್ದೇ ನನ್ ಹುಳ ಹೋದೋ."

ರೇಷ್ಮೆ ಹುಳು ಅಂಥ ವಾಸನೆಯನ್ನು ತಡೆಯುವುದಿಲ್ಲ ಎನ್ನುವುದು ನಿಜ. ನಮ್ಮ ಸ್ಪ್ರೇ ಇದ್ದದ್ದು ಮಲಗುವ ಕೋಣೆಯಲ್ಲಿ, ತೋಟಕ್ಕೆ ಬೆನ್ನು ಹಾಕಿಕೊಂಡಿರುವ ಕೋಣೆಯಲ್ಲಿ. ಆದರೂ ಅವತ್ತೇ ಅದನ್ನು ಬಿಟ್ಟು ಸೊಳ್ಳೆ ಪರದೆ ಕಟ್ಟಿದೆವು. ಜಯಮ್ಮನ ಮುಖ ತಿರುಗಲಿಲ್ಲ. ಹಬ್ಬಕ್ಕೆ ಕಳಿಸಿದ ಒಬ್ಬಟ್ಟು ಕಾಂಪೌಂಡಿನ ಮೇಲೆ ಹಾಗೇ ಕೂತು ಇರುವೆ ಮುತ್ತಿತು. ಅದು ನನಗೆ ಬಹಳ ನೋವು ಕೊಟ್ಟಿತ್ತು.

ಈಗ ನನ್ನ ಕೈಯಲ್ಲಿ ಕಬ್ಬಿಣದ ಪುಡಿ. ಎದುರಿಗೆ ತೋಟ. ತೋಟದ ಆಚೆ ರಸ್ತೆಬದಿಯಲ್ಲಿ ಒಂದು ತಗಡಿನ ಶೆಡ್ಡು. ಹಾರೋಹಳ್ಳಿಯಲ್ಲಿ ಇಂಡಸ್ಟ್ರಿಯಲ್ ಏರಿಯಾ ಬೆಳೆದಂತೆ ನಮ್ಮ ರಸ್ತೆಯುದ್ದಕ್ಕೂ ಇಂಥ ಶೆಡ್ಡುಗಳು ಎದ್ದಿವೆಯಲ್ಲ, ಅಂಥದ್ದೇ. ಮೊದಲು ಗೇಟು, ಗ್ರಿಲ್ಲು ಮಾಡುತ್ತಿದ್ದವರು ಈಗ ದೊಡ್ಡ ಫ್ಯಾಕ್ಟರಿಯ ಎರಕದ ಕಬ್ಬಿಣದ ಬಿಡಿಭಾಗಗಳನ್ನು ತಂದು ಗ್ರೈಂಡರಿನಲ್ಲಿ ಉಜ್ಜಿ ನಯ ಮಾಡಿ ಕೊಡುತ್ತಾರೆ. ಶೆಡ್ಡಿನೊಳಗೆ ಜಾಗ ಸಾಲದೆ ಉಜ್ಜುವ ಕೆಲಸ ಹೊರಗೆ, ಬಯಲಲ್ಲೇ.

ಆ ಶೆಡ್ಡು ಯಾರದು? ಜಯಮ್ಮನ ಸ್ವಂತ ಮೈದುನ ಕೆಂಪಣ್ಣನದು.

"ಸುಮ್ನಿದ್ದುಬಿಡು ಅಕ್ಕಾ," ಅಂದ ರಘು. "ನಿಂಗ್ಯಾಕೆ? ಅವರ ಮನೆ ಒಡೀತು ಅಂತ ಇನ್ನೊಂದು ಅಪವಾದ ಬರುತ್ತೆ."

ಸುಮ್ಮನಿರಬೇಕಿತ್ತೇನೋ. ಆದರೆ ಆ ಸೊಪ್ಪಿನ ಮೇಲೆ ಏನಿದೆ ಎಂದು ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ. ಒದ್ದೆ ಮಾಡಿದ ಬಿಳಿ ಕರ್ಚೀಫು, ಅಯಸ್ಕಾಂತ, ಕಂದಾದ ಜೇಡಿ ಹಿಡಿದು ತೋಟದ ಬದುವಿಗೆ ಹೋದೆ. ರಘು ಗೊಣಗುತ್ತಾ ಹಿಂದೆ ಬಂದ.

ಜಯಮ್ಮ ಸೊಪ್ಪು ಕೊಯ್ಯುತ್ತಿದ್ದರು. ನನ್ನನ್ನು ನೋಡಿ ಬೆನ್ನು ತಿರುಗಿಸಿದರು. ನಾನು ಜೇಡಿಯನ್ನು ಅಂಗೈಲಿಟ್ಟು ಕೈ ಚಾಚಿದೆ. ಅವರು ಇನ್ನೆರಡು ಎಲೆ ಕೊಯ್ದರು. ಓರೆಗಣ್ಣಲ್ಲಿ ನೋಡಿದರು. ಕುತೂಹಲ ಅನ್ನುವುದು ನನ್ನೊಬ್ಬಳ ಕಾಯಿಲೆಯೆ?

"ಏನದು? ಹುಣಸೆಹಣ್ಣಾ?"

ತಿಂಗಳುಗಳ ಮೇಲೆ ಬಂದ ಮೊದಲ ಮಾತು! ನನಗೆ ನಗು ಬಂತು. ಕಾರಿನ ಕಥೆ ಹೇಳಿದೆ. ಆಮೇಲೆ ಒಂದು ಎಲೆಯನ್ನು ಕರ್ಚೀಫಿನಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಮಸಿಯೂ ಇರಬಹುದು, ರಸ್ತೆಯ ಧೂಳೂ ಇರಬಹುದು. ಒಣಗಿದ ಸೊಪ್ಪಿನ ಕಂತೆಯ ಮೇಲೆ ಅಯಸ್ಕಾಂತ ಆಡಿಸಿದೆ. ಕಪ್ಪು ಮೀಸೆ ಬಂತು.

ಜಯಮ್ಮ ಅದನ್ನು ಬೆರಳಲ್ಲಿ ಮುಟ್ಟಿದರು. ಆಚೆ ಶೆಡ್ಡಿನ ಕಡೆಯಿಂದ ಗ್ರೈಂಡರಿನ ಕಿರ್ರೆನ್ನುವ ಸದ್ದು ಬರುತ್ತಿತ್ತು. ಅವರು ಆ ಕಡೆ ನೋಡಿದರು. ನಾನು ಶೆಡ್ಡಿನ ಮಾತೆತ್ತಿರಲೇ ಇಲ್ಲ.

"ನಮ್ ಕೆಂಪಣ್ಣನ್ದು," ಅಂದರು ಮೆಲ್ಲಗೆ. "ನಿಮ್ನ ಸುಮ್ಸುಮ್ನೆ ಅಂದ್ಬುಟ್ನಲ್ಲ ಟೀಚರಮ್ಮ."

"ಹುಳ ಇದರಿಂದಲೇ ಹೋದವು ಅಂತ ನಾನೂ ಹೇಳಲಾರೆ ಜಯಮ್ಮ."

"ಗೊತ್ತು. ಆದ್ರೂ ಕೇಳ್ಬೇಕು. ಬನ್ನಿ."

ಕೂಗಾಡುತ್ತಾರೇನೋ ಎಂದು ಹೆದರಿದೆ. ಕೂಗಾಡಲಿಲ್ಲ. ಶೆಡ್ಡಿನ ಮುಂದೆ ನಿಂತು ಎಲೆಯನ್ನು ಮೈದುನನ ಮುಂದೆ ಹಿಡಿದು, "ಇದ ನೀನು ತಿಂತೀಯೇನಪ್ಪ ಕೆಂಪಣ್ಣ?" ಅಂದರು ಅಷ್ಟೆ.

ಕೆಂಪಣ್ಣ ಕೆಟ್ಟವರಲ್ಲ. ಮಷೀನು ನಿಲ್ಲಿಸಿ, ಅತ್ತಿಗೆಗೆ ಕುರ್ಚಿ ಹಾಕಿ, ಎಲ್ಲ ಕೇಳಿಸಿಕೊಂಡರು. "ಅತ್ಗೇ, ಹುಳ ಸಾಯಕ್ಕೆ ಏನೇನೋ ಕಾರಣ ಐತೆ. ಚಳಿ ಐತೆ, ಮೊಟ್ಟೆ ಸರಿ ಇಲ್ದೆ ಇರ್ಬೋದು. ರಸ್ತೇಲಿ ಲಾರಿ ಧೂಳು ಕಮ್ಮಿನಾ? ನನ್ನೊಬ್ಬನ ತಲೆ ಮೇಲೆ ಹಾಕ್ಬುಟ್ರೆ ಹೆಂಗೆ? ಈ ಆರ್ಡ್ರು ಬುಟ್ರೆ ನಮ್ ಮನೆ ನಡೆಯದೆಂಗೆ?"

ಜಯಮ್ಮ ಎಲೆಯನ್ನು ಮಡಚುತ್ತಾ ಕೂತರು. ಕೆಂಪಣ್ಣ ಅವರ ಮುಖ ನೋಡದೆ ಗ್ರೈಂಡರಿನ ಕಡೆ ತಿರುಗಿದರು. ಇಷ್ಟಕ್ಕೆ ಕಾರಣಳಾದೆನಲ್ಲ ಎಂದು ನಾನು ಹೊರಡಲು ನೋಡಿದೆ.

ಆಗ ರಘು ಕೇಳಿದ: "ಅಣ್ಣಾ, ಈ ಗಾಡಿ ನಿಮ್ಮದಾ?"

ಶೆಡ್ಡಿನ ಪಕ್ಕದಲ್ಲಿ ಕೆಂಪಣ್ಣನ ಹೊಸ ಬೆಳ್ಳಿ ಬಣ್ಣದ ಕಾರು. ಆಯುಧಪೂಜೆಯಲ್ಲಿ ಕಟ್ಟಿದ್ದ ಹೂವಿನ ದಾರ ಇನ್ನೂ ಕನ್ನಡಿಗೆ ನೇತಾಡುತ್ತಿತ್ತು.

"ಹೂ ಕಣಪ್ಪ. ದಿನಾ ಬಟ್ಟೆ ತಗಂಡು ನಾನೇ ಒರೆಸ್ತೀನಿ. ಹೆಂಗೈತೆ?"

ರಘು ಕವರು ಕೊಟ್ಟ. ಕೆಂಪಣ್ಣ ನಗುತ್ತಲೇ ಕೈಗೆ ಹಾಕಿಕೊಂಡು ಬಾನೆಟ್ಟು ಸವರಿದರು. ನಗು ನಿಂತಿತು. ಬಾಗಿಲು ಸವರಿದರು. ಟಾಪ್ ಸವರಿದರು. ಕವರು ತೆಗೆದು ಬರಿಗೈಲಿ, ಮತ್ತೆ ಹಾಕಿಕೊಂಡು ಸವರಿದರು.

"ಥತ್! ಇದೇನ್ಲಾ ಇದು! ಹೊಸಾ ಗಾಡಿ ಕಣ್ಲಾ!"

ರಘು ಜೇಡಿಯಿಂದ ಒಂದು ಮೂಲೆ ಉಜ್ಜಿ ತೋರಿಸಿದ. ಕೆಂಪಣ್ಣ ಆ ಮೂಲೆಯನ್ನೂ ಪಕ್ಕದ ಜಾಗವನ್ನೂ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಮುಟ್ಟಿ ಮುಟ್ಟಿ ನೋಡಿದರು. "ಇಡೀ ಗಾಡಿ ಮಾಡ್ಕೊಡು. ಅದೆಷ್ಟ್ ಹೊತ್ತಾದ್ರೂ ಆಗ್ಲಿ."

"ಮಾಡ್ಕೊಡ್ತೀನಿ ಅಣ್ಣಾ. ಆದ್ರೆ ಗ್ರೈಂಡಿಂಗ್ ಹೀಗೇ ಬಯಲಲ್ಲಿ ನಡೆದ್ರೆ ಮತ್ತೆ ಹಿಂಗೇ ಆಗುತ್ತೆ. ಪೇಂಟೇ ತಿಂದುಹಾಕುತ್ತೆ."

ಆ ವಾರವೇ ಕೆಂಪಣ್ಣ ಗ್ರೈಂಡಿಂಗ್ ಜಾಗದ ಸುತ್ತ ತಗಡಿನ ಶೀಟು ನಿಲ್ಲಿಸಿದರು. ಮೂರು ಕಡೆ ಗೋಡೆ, ಮೇಲೆ ಸೂರು, ನಾಲ್ಕನೆಯ ಕಡೆ ದಪ್ಪ ಟಾರ್ಪಾಲಿನ ಪರದೆ. ಜಯಮ್ಮ ಕಾಂಪೌಂಡಿನ ಬಳಿ ಬಂದು ಅವರೆಕಾಯಿ ಕೊಟ್ಟು, ಗದ್ದದಿಂದ ಶೆಡ್ಡಿನ ಕಡೆ ತೋರಿಸಿ ಅಂದರು: "ಅತ್ಗೆ ಹುಳ ಸತ್ತಾಗ ಶೀಟ್ ಬರ್ಲಿಲ್ಲ ಕಣಮ್ಮ. ಬಾನೆಟ್ ಒರಟಾಗ್ತಲೇ ಬಂದ್ಬುಡ್ತು ನೋಡಿ!" ಕೋಪವಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಯುಗಾದಿ ಕಳೆದು ಬಂದ ಬೆಳೆಯಲ್ಲಿ ಜಯಮ್ಮನ ಗೂಡು ಗಟ್ಟಿಯಾಗಿ ಬಂತು. ಧೂಳು ನಿಂತಿದ್ದಕ್ಕೋ, ಮೊಟ್ಟೆ ಚೆನ್ನಾಗಿದ್ದವೋ, ಹವಾ ಕೂಡಿಬಂತೋ? ನನಗೆ ಗೊತ್ತಿಲ್ಲ. ಜಯಮ್ಮನನ್ನು ಕೇಳಿದರೆ "ಎಲ್ಲಾ ಒಸಿ ಒಸಿ" ಅನ್ನುತ್ತಾರೆ. ಮಾರ್ಕೆಟ್ಟಿನಿಂದ ಬಂದವರು ಸೀದಾ ನಮ್ಮನೆಗೆ ಬಂದು ಕಾಫಿ ಕೇಳಿ ಕುಡಿದರು. ನನಗೆ ಅಷ್ಟು ಸಾಕು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ಶನಿವಾರ ನಮ್ಮ ಗೇಟಿನ ಚಿಲಕ ಕಳಚಿತೆಂದು ಕೆಂಪಣ್ಣನ ಶೆಡ್ಡಿಗೆ ಹೋದೆ. ಪರದೆ ಸರಿಸಿ ಮಾದೇವ ಹೊರಗೆ ಬಂದರು. ಅಲ್ಲಿ ಗ್ರೈಂಡರ್ ಹಿಡಿಯುವವರು. ನಮ್ಮ ಯಜಮಾನರ ವಯಸ್ಸಿನವರು. ಮುಖಕ್ಕೆ ಸುತ್ತಿದ್ದ ಟವಲನ್ನು ಬಿಚ್ಚಿದರು. ಮೂಗಿನ ಸುತ್ತ ಕಪ್ಪು, ರೆಪ್ಪೆಯ ಮೇಲೆ ಕಪ್ಪು. ಅವರ ಹಿಂದೆ ಶೀಟಿನೊಳಗಿನ ಬಲ್ಬಿನ ಬೆಳಕಿನಲ್ಲಿ ಧೂಳು ಹೊಗೆಯಂತೆ ನಿಂತಿತ್ತು.

"ಒಳಗೆ ಕಷ್ಟ ಆಗಲ್ವಾ ಮಾದೇವ?"

"ಮುಂಚೆ ಗಾಳಿ ಹೊತ್ಕೊಂಡೋಗದು ಮೇಡಂ. ಈಗ ನಮ್ ತಾವೇ ಇರ್ತದೆ," ಎಂದು ನಕ್ಕರು. ನಗುವಿನ ಜೊತೆ ಕೆಮ್ಮು ಬಂತು. ಕೆಮ್ಮು ಮುಗಿಯುವ ತನಕ ಕಂಬ ಹಿಡಿದು ನಿಂತರು.

ಕೆಂಪಣ್ಣನನ್ನು ಕೇಳಿದೆ. ಅವರು ತಲೆ ಕೆರೆದುಕೊಂಡರು. "ಮಾಸ್ಕು ತಂದ್ಕೊಟ್ಟಿವ್ನಿ ಟೀಚರಮ್ಮ, ಸೆಕೆ ಅಂತ ತೆಗ್ದಿಡ್ತಾರೆ. ಫ್ಯಾನ್ ಹಾಕ್ಸಿ ಹೊರಕ್ಕೆ ತಳ್ಳಿದ್ರೆ ಅತ್ಗೆ ತೋಟಕ್ಕೇ ಹೋಯ್ತದೆ. ನೀವೇ ಹೇಳಿ, ಏನ್ ಮಾಡ್ಲಿ?"

ರಘುವಿಗೆ ಫೋನ್ ಮಾಡಿದ್ದೇನೆ. ಧೂಳನ್ನು ಹೀರಿ ಚೀಲದಲ್ಲಿ ಹಿಡಿಯುವ ಮಷೀನು ಇದೆಯಂತೆ, ವಿಚಾರಿಸುತ್ತಾನಂತೆ. ಅಲ್ಲಿಯವರೆಗೆ ಟವಲು.

ನಮ್ಮ ಕಾರು ನುಣ್ಣಗಿದೆ, ಕೆಂಪಣ್ಣನ ಕಾರು ನುಣ್ಣಗಿದೆ, ಜಯಮ್ಮನ ಸೊಪ್ಪು ಹಸಿರಾಗಿದೆ, ಗ್ರೈಂಡರು ಮಾತ್ರ ಒಂದು ದಿನವೂ ನಿಂತಿಲ್ಲ.

ಹಾಗಾದರೆ ಆ ಧೂಳು ಈಗ ಹೋಗಿ ಕೂರುತ್ತಿರುವುದು ಎಲ್ಲಿ?