ಏಳು ಗಂಟೆಯ ಕಾಫಿ

ಸ್ವಲ್ಪ ತಾಳಿ, ಕೈಯಲ್ಲಿರುವ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಇದನ್ನು ಕೇಳಿ.

ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಪಕ್ಕದ ಮನೆಯ ಗಿರಿಜಮ್ಮನವರ ಯಜಮಾನರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಮಾತು ಕಲಿಸುವ ಡಾಕ್ಟರು ಹೇಳಿದ್ದರೆಂದು ಗಿರಿಜಮ್ಮ ದಿನವೂ ಗಂಡನ ದನಿಯನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಆಗ ಅವರು ಹೇಳಲು ಹವಣಿಸಿದ ಮಾತನ್ನೇ ಫೈಲಿಗೆ ಹೆಸರಾಗಿಡುತ್ತಿದ್ದರು: ನೀರು, ಗಿರಿ, ಸಾಕು, ಕಾಫಿ. ತಾರೀಖು ಬರೆಯುತ್ತಿರಲಿಲ್ಲ, ಅದನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದಲ್ಲ!

ಆಗಷ್ಟೇ ಪುಸ್ತಕ ನೋಡಿ ಲಿನಕ್ಸ್ ಕಲಿತಿದ್ದ ನಾನು, ವೈರಸ್ ಹಿಡಿದ ಅವರ ವಿಂಡೋಸನ್ನು ಅಳಿಸಿ, ಲಿನಕ್ಸ್ ಹಾಕಿ, ಮೊದಲೇ ನಕಲಿಸಿಟ್ಟಿದ್ದ ಬ್ಯಾಕಪ್ ಸಿ.ಡಿ.ಯಿಂದ ಫೈಲುಗಳನ್ನೆಲ್ಲ ಮರಳಿಸಿದೆ. ಎಲ್ಲಕ್ಕೂ ಅಂದಿನದೇ ತಾರೀಖು! ನಾಲ್ಕು ತಿಂಗಳ ಚೇತರಿಕೆ ಒಂದೇ ನಿಮಿಷದಲ್ಲಿ ನಡೆದಂತಿತ್ತು. ಮರುದಿನ ಡಾಕ್ಟರು ಅವನ್ನು ಕ್ರಮವಾಗಿ ಕೇಳುವವರಿದ್ದರು. ಸುಧಾರಣೆ ಕಾಣದಿದ್ದರೆ ಮಾತಿನ ಪಾಠ ನಿಲ್ಲಿಸುವುದೆಂದೂ ಹೇಳಿದ್ದರು.

"ಎಲ್ಲಾ ಒಂದೇ ದಿನ ಮಾತಾಡ್ಬುಟ್ರಾ ನಮ್ಮನೆಯವ್ರು? ಅಷ್ಟು ಬಾಯಿ ಇದ್ದಿದ್ರೆ ಮೊದ್ಲು ನಿನ್ನೇ ಬಯ್ಯೋರು ಕಣೋ," ಎಂದು ಗಿರಿಜಮ್ಮ ನಕ್ಕರು. ಆದರೆ ಕೈ ಸೆರಗನ್ನು ಹಿಂಡುತ್ತಿತ್ತು.

ಬ್ಯಾಕಪ್ ತಂತ್ರಾಂಶದ ಕೈಪಿಡಿಯನ್ನು ತಡಕಿದೆ. ಹಳೆಯ ವೇಳೆಗಳೆಲ್ಲ ಸಿ.ಡಿ.ಯಲ್ಲಿ ಭದ್ರವಾಗಿದ್ದವು, 'ವೇಳೆಯನ್ನೂ ಮರಳಿಸು' ಎಂಬಲ್ಲಿ ಗುರುತು ಹಾಕಲು ಮರೆತವನು ನಾನೇ. ಗುರುತು ಹಾಕಿ ಮತ್ತೆ ಮರಳಿಸಿದೆ. ತಾರೀಖುಗಳು ಸಾಲಾಗಿ ಬಂದು ನಿಂತವು. ಬೀಗುತ್ತ ಗಿರಿಜಮ್ಮನವರಿಗೆ ತೋರಿಸಿದೆ.

"ಕಾಫಿ ಮಧ್ಯಾಹ್ನ ಹನ್ನೆರಡೂವರೆಗೆ ಅಂತಿದ್ಯಲ್ಲೋ! ನಮ್ಮನೇಲಿ ಕಾಫಿ ಬೆಳಿಗ್ಗೆ ಏಳಕ್ಕೆ ಕಣೋ. ಡಾಕ್ಟ್ರು ಬೆಳಗಿನ ಮಾತು ಎಂಗಿದೆ, ಸಂಜೇದು ಎಂಗಿದೆ ಅಂತ ಬೇರೆಬೇರೆ ಕೇಳ್ತಾರೆ."

ಐದೂವರೆ ಗಂಟೆಯ ವ್ಯತ್ಯಾಸ! ಹಳೆಯ ವಿಂಡೋಸ್ ಗೋಡೆ ಗಡಿಯಾರದ ವೇಳೆಯನ್ನೇ ಬರೆದಿಟ್ಟಿತ್ತು. ಲಿನಕ್ಸ್ ಅದನ್ನು ಇಂಗ್ಲೆಂಡಿನ ಗ್ರೀನಿಚ್ಚಿನ ವೇಳೆಯೆಂದು ನಂಬಿ, ನಮ್ಮ ದೇಶದ ಐದೂವರೆ ಗಂಟೆಯನ್ನು ಮತ್ತೆ ಸೇರಿಸಿತ್ತು. ಹುಡುಕಿದರೆ ಇದನ್ನು ಸರಿಪಡಿಸಲೂ ಒಂದು ಆಯ್ಕೆ! ಅದನ್ನು ಆರಿಸಿದ್ದೇ ಕಾಫಿ ಬೆಳಿಗ್ಗೆ ಏಳಕ್ಕೆ ಮರಳಿತು. ಫೈಲು ಉಳಿದರೆ ಸಾಲದು, ಅದು ಹುಟ್ಟಿದ ಗಳಿಗೆಯೂ ಉಳಿಯಬೇಕೆಂದು ಯಾವುದೋ ದೇಶದಲ್ಲಿ ಕುಳಿತು ಯೋಚಿಸಿ ಈ ತಂತ್ರಾಂಶ ಬರೆದ, ಮುಖ ಕಾಣದ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಕಾಫಿಯ ಹೊತ್ತು ಅವರಿಗೆ ಗೊತ್ತಿರಲಿಲ್ಲ. ಎಲ್ಲೋ ಯಾರಿಗೋ ಒಂದು ಹೊತ್ತು ಮುಖ್ಯವಾಗಿರುತ್ತದೆಂಬುದು ಗೊತ್ತಿತ್ತು.

ಕ್ರಮವಾಗಿ ಕೇಳಿಸಿದೆವು. ಬರಿಯ ಉಸಿರು, ಆಮೇಲೆ ತೊದಲು, ಕೊನೆಗೆ ಸ್ಪಷ್ಟವಾಗಿ, ಬೆಳಿಗ್ಗೆ ಏಳಕ್ಕೆ, 'ಕಾಫಿ'. ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ ಯಜಮಾನರು ಎದುರಿನ ಲೋಟವನ್ನು ಬೊಟ್ಟುಮಾಡಿ, "ಕಾಫಿ... ಆರ್ಹೋಯ್ತು," ಎಂದರು. ಎರಡು ಮಾತು ಜೊತೆಗೂಡಿದ್ದು ಅದೇ ಮೊದಲು.

ಅದನ್ನೂ ರೆಕಾರ್ಡ್ ಮಾಡಲು ಮೈಕಿಗೆ ಕೈಹಾಕಿದ ಗಿರಿಜಮ್ಮ ತಟ್ಟನೆ ನಿಂತು, ಒದ್ದೆ ಕಣ್ಣಲ್ಲೇ ನನ್ನನ್ನು ಗದರಿದರು: "ಮೊದ್ಲು ಗಂಟೆ ಸರಿಯಾಗಿದ್ಯಾ ನೋಡೋ!"

ಮರುದಿನ ಎಲ್ಲವನ್ನೂ ಕೇಳಿದ ಡಾಕ್ಟರು ಪಾಠ ಮುಂದುವರಿಯಲಿ ಎಂದರು.

ಈಗ ನಿಮ್ಮ ಲೋಟ ನೋಡಿ, ನನ್ನ ಮಾತಿನಲ್ಲಿ ಅದೂ ಆರಿರಬೇಕು. ಇನ್ನೊಂದು ಬಿಸಿಯಾಗಿ ಬರುವಷ್ಟರಲ್ಲಿ, ಕಳೆದೇಹೋಯಿತೆಂದುಕೊಂಡ ನಿಮ್ಮ ಮನೆಯ ಯಾವ ಗಳಿಗೆ ಮರಳಿ ಸಿಕ್ಕಿತ್ತೆಂದು ನನಗೆ ಬರೆದು ತಿಳಿಸುತ್ತೀರಾ? ಗಂಟೆಯನ್ನೂ ಬರೆಯಿರಿ.